ಕೊತ್ತಂಬರಿ ಹೂವಿನ ಮ್ಯಾಲಿನ ಬೆಣಿ ಹುಳ ಮತ್ತ ಕುಂಬಾರ ಹುಳದ ಗೂಡು

ಈ ಸಲ ಬರದದ್ದು ಸ್ವಲ್ಪ ಉದ್ದ ಆಗೇತಿ, ರಾತ್ರಿ ಊಟ ಆದಮ್ಯಾಲ ಪುರಸೊತ್ತಿನ್ಯಾಗ ಓದ್ರಿ.

ಹೋದ ಎಳ್ಳಮವಾಸಿ ಮುಂದ ನಮ್ಮ ಸವದತ್ತಿ, ಬೈಲಹೊಂಗಲ ಕಡೆ ಒಂದು ಫೋಟೋ ಮೊಬೈಲಿಂದ ಮೊಬೈಲಿಗೆ ಓಡಾಡಿದ್ದು ನಿಮಗ ನೆನಪಿರಬೇಕು. ಕೊತ್ತಂಬರಿ ಹೂವಿನ ಮ್ಯಾಲ ತುಕ್ಕಿನ ಬಣ್ಣದ ಸಣ್ಣ ಹುಳ. ಕೆಳಗ ಯಾರೋ ಬರದಿದ್ರು, ಹೊಸಾ ದುಂಬಿ ಬಂದೈತಿ, ಕಡ್ಲಿ ಹೂವೆಲ್ಲಾ ತಿಂದು ಹಾಕತೈತಿ, ಲಗೂನ ಎಣ್ಣಿ ಹೊಡೀರಿ ಅಂತ. ಮರುದಿನಾನ ಒಂದಿಬ್ಬರು ಅಂಗಡಿಗೆ ಹೋಗಿ ಎರಡು ನಮೂನಿ ಎಣ್ಣಿ ಕೂಡಿಸಿ ತಂದ್ರು. ಅಂಗಡಿಯವರೂ ಕೊಟ್ರು. ಹುಳ ಯಾವುದು ಅಂತ ಅವರೂ ಕೇಳಲಿಲ್ಲ, ಇವರೂ ಹೇಳಲಿಲ್ಲ.

ಆ ಹುಳ ಕಡ್ಲಿ ಹೂ ತಿನ್ನೂದಿಲ್ಲ. ಎಲಿ ತಿನ್ನೂದಿಲ್ಲ, ಕಾಯಿ ಕೊರಿಯೂದಿಲ್ಲ. ಇದನ್ನ ಮೊದಲ ಹೇಳಿಬಿಡತೀನಿ, ಯಾಕಂದ್ರ ಕೆಲವ್ರು ಇಷ್ಟ ಓದಿ ಮುಂದ ಹೋಗ್ತೀರಿ. ಉಳದವ್ರಿಗೆ, ಅದು ಮತ್ತೇನು ತಿಂತೈತಿ ಅನ್ನೂದು ದೊಡ್ಡ ಕಥಿ.

ಮೊದಲ ಗುರುತು ಹೇಳತೀನಿ. ಉದ್ದ ಅಂದ್ರ ಒಂದು ಜ್ವಾಳದ ಕಾಳಿಗಿಂತ ಸ್ವಲ್ಪ ದೊಡ್ಡದು, ದೊಡ್ಡದಿದ್ರ ಎಂಟ್ಹತ್ತು ಮಿಲಿಮೀಟರ್. ಬಾಜೂದಿಂದ ನೋಡಿದ್ರ ಕೊಡ್ಲಿ ಕಾವಿಗೆ ಬಡಿಯೋ ಬೆಣಿ ಇದ್ದಂಗ ಇರತೈತಿ, ಮುಂದ ಗೂನ ಎದ್ದು ದಪ್ಪ, ಹಿಂದ ಹೋಗಕೋಂತ ಚೂಪ. ತಲಿ ಕೆಳಗ ಬಗ್ಗಿಸಿಕೊಂಡು, ನಾಚಿದವ್ರಂಗ ಎದಿಗೆ ಗದ್ದ ಹಚ್ಚಿಕೊಂಡಿರತೈತಿ. ಬ್ಯಾರೆ ದುಂಬಿಗಳ ಬೆನ್ನ ಮ್ಯಾಲಿನ ಎರಡು ಗಟ್ಟಿ ರೆಕ್ಕಿ ನಡುವ ಕೂಡಿ ಪೆಟಗಿ ಮುಚ್ಚಿದಂಗ ಇರತಾವಲ್ಲ, ಇದರವು ಹಂಗ ಕೂಡೂದಿಲ್ಲ. ಹಿಂದ ಹೋಗಕೋಂತ ಬ್ಯಾರೆ ಬ್ಯಾರೆ ಆಗಿ, ತುದಿ ಚೂಪ ಆಗಿ, ಒಳಗಿನ ತೆಳ್ಳನ ರೆಕ್ಕಿ ಹೊರಗ ಕಾಣಸತೈತಿ. ಚಿಕ್ಕ ಅಂಗಿ ಹಾಕ್ಕೊಂಡ ಹುಡುಗನ ಹೊಟ್ಟಿ ಕಂಡಂಗ. ಗಂಡು ಹುಳದ ಮೀಸಿ ಅಂತೂ ಬಾಚಣಿಗಿ ಹಲ್ಲಿನಂಗ ಕವಲು ಕವಲು. ಹೆಣ್ಣಿನ ಮೀಸಿ ಸಣ್ಣದು, ಗರಗಸದ ಹಲ್ಲಿನಂಗ.

ನಮ್ಮ ತಮ್ಮನ ಮಗ ಧಾರವಾಡ ಕೃಷಿ ವಿಶ್ವವಿದ್ಯಾಲಯದಾಗ ಕೀಟಶಾಸ್ತ್ರ ಓದಾಕತ್ತಾನ. ಅವಂಗ ಫೋಟೋ ಕಳಿಸಿದೆ. "ದೊಡ್ಡಪ್ಪಾ, ಎರಡು ಮೂರು ಹಿಡಿದು ಸಣ್ಣ ಬಾಟ್ಲಿಯೊಳಗ ಹಾಕಿ ಇಡು, ಬರತೀನಿ" ಅಂದ. ಐತವಾರ ಬಂದು ಭೂತಗನ್ನಡಿ ಹಿಡಿದು ನೋಡಿ, ಇದು ಮ್ಯಾಕ್ರೋಸಿಯಾಗನ್ ಅನ್ನೂ ಕುಲದ್ದು, ರಿಪಿಫೋರಿಡೇ ಅನ್ನೂ ಮನೆತನದ್ದು ಅಂದ. ಮ್ಯಾಕ್ರೋಸಿಯಾಗನ್ ಅಂದ್ರ ಗ್ರೀಕ್ ಭಾಷಾದಾಗ ದೊಡ್ಡ ದವಡಿ ಅಂತ. ಈ ಮನೆತನದಾಗ ಜಗತ್ತಿನ್ಯಾಗ ಸುಮಾರು 400 ಜಾತಿ ಗುರುತಿಸ್ಯಾರ, ನಮ್ಮ ದೇಶದಾಗೂ ಹಲವು ಅದಾವ. ಅದರಾಗ ಫೆರುಜಿನಿಯಾ ಅನ್ನೂದು ಯುರೋಪಿನ ದಕ್ಷಿಣದಿಂದ ಆಫ್ರಿಕಾ, ಭಾರತದವರೆಗೂ ಹಬ್ಬೇತಿ, ಅದರ ಹೆಸರಿನ ಅರ್ಥಾನೂ ತುಕ್ಕಿನ ಬಣ್ಣದ್ದು ಅಂತನ. ಇಂಗ್ಲಿಷಿನ್ಯಾಗೂ ಈ ಮನೆತನಕ್ಕ ಬೆಣಿ ಆಕಾರದ ದುಂಬಿ ಅಂತಾನ ಕರೀತಾರಂತ. ನಾವೂ ಬೆಣಿ ಹುಳ ಅನ್ನೂಣು. ಮೊದಲಿಂದ ನಮ್ಮ ಕಡೆ ಇದಕ್ಕೊಂದು ಹೆಸರ ಇದ್ದದ್ದು ನಾ ಕೇಳಿಲ್ಲ. ನಮ್ಮ ಹಿರ್ಯಾರು ಹೊಟ್ಟಿಗೆ ಬೇಕಾದದ್ದಕ್ಕ ಮತ್ತ ಹೊಟ್ಟಿಗೆ ಕಲ್ಲ ಹಾಕೂದಕ್ಕ ಹೆಸರಿಟ್ರು, ಇದು ಎರಡೂ ಅಲ್ಲ.

ಈಗ ಇದರ ಕಥಿ ಹೇಳಬೇಕಂದ್ರ ಮೊದಲ ಕುಂಬಾರ ಹುಳದ ಕಥಿ ಹೇಳಬೇಕು.

ದನದ ಕೊಟಗಿ ಗ್ವಾಡಿಗೆ, ಬಾಗಲ ಚೌಕಟ್ಟಿಗೆ, ಬಿಚ್ಚದ ಕಿಡಕಿ ಮೂಲ್ಯಾಗ ಮಣ್ಣಿನ ಗೂಡ ಕಟ್ಟತಾವಲ್ಲ, ಅವನ್ನೆಲ್ಲಾ ನಾವು ಒಂದ ಹುಳ ಅಂತ ತಿಳದೀವಿ. ಅಲ್ಲ. ಸಣ್ಣ ಗಡಿಗಿ ಕುಂದರಿಸಿದಂಗ ದುಂಡಗ ಕಟ್ಟಿ, ಬಾಯಿಗೆ ಕಂಠ ಸುದ್ದಾ ಎತ್ತತೈತಲ್ಲ, ಅದು ಖರೇ ಕುಂಬಾರ ಹುಳ. ನಡಾ ಸಣ್ಣದು, ಹೊಟ್ಟಿ ತೊಟ್ಟಿಗೆ ಹಣ್ಣು ತೂಗಿದಂಗ. ಅದರ ಅಣ್ಣ ತಮ್ಮಂದಿರು ಗಡಿಗಿ ಕಟ್ಟೂದಿಲ್ಲ, ಬಿದರಿನ ತೂತು, ಗ್ವಾಡಿಯಾಗಿನ ಮೊಳಿ ತೂತು, ಒಂದೊಂದು ಸಲ ಬಾಗಲ ಕೀಲಿ ತೂತಿನ್ಯಾಗೂ ಹೊಕ್ಕು ಮಣ್ಣಿಲೆ ಮುಚ್ಚತಾವ. ಇವು ತಮ್ಮ ಮಕ್ಕಳಿಗೆ ತರೂದು ಹಸರ ಕೀಡಿ, ಅಂದ್ರ ಪತಂಗದ ಮರಿಹುಳ. ಇನ್ನೊಂದು ಜಾತಿ ಐತಿ, ಉದ್ದುದ್ದ ನಳಿಗಿ ಬಾಜೂ ಬಾಜೂಕ ಕಟ್ಟಿ ಮ್ಯಾಲ ಮಣ್ಣ ಮೆತ್ತಿ ಮುದ್ದಿ ಮಾಡತೈತಿ. ಅದು ತರೂದು ಜ್ಯಾಡರ ಹುಳ. ಗೂಡ ಒಡದಾಗ ಒಳಗ ಜ್ಯಾಡರ ಹುಳ ಇದ್ರ ಒಂದು, ಹಸರ ಕೀಡಿ ಇದ್ರ ಇನ್ನೊಂದು, ಇಷ್ಟು ಸರಳ ಗುರುತು. ರೈತಂಗ ಬೇಕಾದದ್ದು ಕೀಡಿ ತರೂ ಕುಂಬಾರ. ಅದಕ ನಾ ನಮ್ಮ ಮನಿಯವರಿಗೆ ಹೇಳೀನಿ, ದಸರಾಕ್ಕ ಸುಣ್ಣ ಹಚ್ಚೂ ಮುಂದ ಪಡಸಾಲಿ ಗೂಡ ಬೇಕಾದ್ರ ಕೆರದು ಹಾಕು, ಕೊಟಗಿಯಾಗಿನ ಗೂಡ ಮುಟ್ಟಬ್ಯಾಡ ಅಂತ. ಆಕಿ "ದನಕ್ಕ ಇಲ್ಲದ ಕಾಯದೆ ಹುಳಕ್ಕ ಮಾಡೀರಿ" ಅಂತಾಳ, ಆದ್ರ ಮುಟ್ಟಿಲ್ಲ.

ಕುಂಬಾರ ಹುಳದ ತಾಯಿ ಮೊದಲ ಗಡಿಗಿ ಕಟ್ಟಿ, ಒಳಗ ಛತ್ತಿನಿಂದ ಸಣ್ಣ ನೂಲಿನ ತುದಿಗೆ ಒಂದ ತತ್ತಿ ಜೋತು ಬಿಡತೈತಿ. ಖರೇನ ನೂಲಿಗೆ ಕಟ್ಟಿದಂಗ ಇರತೈತಿ, ಗೂಡ ಹಗೂರಕ ಒಡದು ನೋಡ್ರಿ. ಆಮ್ಯಾಲ ಹೊಲಕ್ಕ ಹೋಗಿ ಕೀಡಿ ಹಿಡಿದು ಮುಳ್ಳ ಚುಚ್ಚತೈತಿ. ಕೀಡಿ ಸಾಯೂದಿಲ್ಲ, ಕೈಕಾಲ ಬಿದ್ದಂಗ ಆಗತೈತಿ. ಸತ್ರ ಕೊಳೀತೈತಿ, ಜೀವ ಇದ್ರ ತಾಜಾ ಉಳಿತೈತಿ. ನಮ್ಮ ಫ್ರಿಜ್ಜಿಗಿಂತ ಶಾಣ್ಯಾ ಕೆಲಸ. ಹಿಂಗ ಹಲವು ಕೀಡಿ ತುಂಬಿ ಬಾಯಿ ಮುಚ್ಚಿ ಹೋದ್ರ ತಾಯಿ ಮತ್ತ ತಿರುಗಿ ನೋಡೂದಿಲ್ಲ. ತತ್ತಿ ಒಡದು ಮರಿ ಹುಟ್ಟಿ, ಒಂದೊಂದ ಕೀಡಿ ತಿಂದು, ಬೆಳದು, ಗೂಡಿನ್ಯಾಗ ಮಲಗಿ, ರೆಕ್ಕಿ ಬಂದಮ್ಯಾಲ ಮಣ್ಣ ಕಡಕೊಂಡು ಹೊರಗ ಬರತೈತಿ. ಒಂದ ಗಡಿಗಿ, ಒಂದ ಮಗು.

ಇಲ್ಲಿಗೆ ಬೆಣಿ ಹುಳ ಬರತೈತಿ.

ಅದರ ಹೆಣ್ಣು ಹೂವಿನ್ಯಾಗ, ಮೊಗ್ಗಿನ್ಯಾಗ ನೂರಾರು ತತ್ತಿ ಇಡತೈತಿ. ಅಷ್ಟು ಯಾಕ ಅನ್ನೂದು ಮುಂದ ತಿಳಿತೈತಿ. ತತ್ತಿ ಒಡದು ಬರೂ ಮರಿ ಅರ್ಧ ಮಿಲಿಮೀಟರ್ ಆಸುಪಾಸು, ನಮ್ಮ ಕಣ್ಣಿಗೆ ಧೂಳಿನ ಕಣ. ಆದ್ರ ಆರು ಕಾಲು, ಗಟ್ಟಿ ಮೈ, ಹಿಡಕೊಳ್ಳಾಕ ಕೊಕ್ಕಿ ಎಲ್ಲಾ ಐತಿ. ಹೂವಿನ ಮ್ಯಾಲ ಬಸ್ ಸ್ಟ್ಯಾಂಡಿನ್ಯಾಗ ಕುಂತಂಗ ಕಾಯತೈತಿ. ಕಣಜ ಹೂವಿಗೆ ಜೇನ ಕುಡಿಯಾಕ ಬಂತು ಅಂದ್ರ ಅದರ ಮೈ ಹಿಡಕೊಂಡು ಹೊಂಟಬಿಡತೈತಿ. ಟಿಕೇಟ್ ಇಲ್ಲ. ಬ್ಯಾರೆ ಹುಳದ ಮೈಗೆ ಹತ್ತಿದ್ರ ಮುಗೀತು, ತಪ್ಪ ಬಸ್ಸು, ಸಾಯೂದ. ನೊಣಕ್ಕ ಹತ್ತಿದ್ದು ಸತ್ತು, ಪಾತರಗಿತ್ತಿಗೆ ಹತ್ತಿದ್ದು ಸತ್ತು, ಯಾರೂ ಬರದ ಹೂವಿನ್ಯಾಗ ಕುಂತದ್ದು ಹಸದು ಸತ್ತು, ನೂರರಾಗ ಒಂದಕ್ಕೂ ಸರಿ ಬಸ್ಸ ಸಿಗೂದು ಕಷ್ಟ. ಅದಕ ಅಷ್ಟು ತತ್ತಿ.

ಸರಿ ಕಣಜ ಸಿಕ್ಕ ಮರಿ ಗೂಡ ಮುಟ್ಟತೈತಿ. ತಾಯಿ ಕೀಡಿ ತುಂಬೂ ಗಡಬಡಿಯೊಳಗ ಇದು ಇಳದು ಒಳಗ ಉಳಿತೈತಿ. ತಾಯಿ ತನ್ನ ಕೈಯಾರೆ ಕಳ್ಳನ್ನ ಒಳಗ ಬಿಟ್ಟು ಬಾಗಲ ಹಾಕಿದಂಗ. ಕಣಜದ ಮರಿ ತತ್ತಿ ಒಡದು ಬಂದ ಮ್ಯಾಲ ಬೆಣಿ ಹುಳದ ಮರಿ ಅದರ ಚರ್ಮ ಕೊರದು ಮೈ ಒಳಗ ಹೊಗತೈತಿ. ಒಳಗ ಕುಂತು ಗಡಬಡಿ ಮಾಡೂದಿಲ್ಲ. ಕಣಜದ ಮರಿ ಕೀಡಿ ತಿಂದು ತಿಂದು ದಪ್ಪ ಆಗೂತನಕಾ ತಡೀತೈತಿ. ಹಂದಿ ಕೊಬ್ಬೂತನಕಾ ತಡದಂಗ. ದಪ್ಪ ಆದಮ್ಯಾಲ ಹೊರಗ ಬಂದು, ಪೊರಿ ಕಳಚಿ, ಕಾಲ ಗೀಲ ಇಲ್ಲದ ಬರೇ ಬಿಳಿ ಹುಳ ಆಗಿ, ಕಣಜದ ಮರಿ ಕೊರಳಿಗೆ ಸುತ್ತಿಕೊಂಡು ಹೊರಗಿನಿಂದ ತಿನ್ನಾಕ ಶುರು ಮಾಡತೈತಿ. ಕಡೀಕ ಕಣಜದ ಮರಿ ಚರ್ಮಷ್ಟ ಉಳಿತೈತಿ. ಅದ ಗಡಿಗಿಯೊಳಗ ಬೆಣಿ ಹುಳ ಮಲಗಿ, ರೆಕ್ಕಿ ಬಂದು, ಹೊರಗ ಬಂದು, ಮತ್ತ ಹೂವಿಗೆ. ದೊಡ್ಡ ಹುಳ ಆದಮ್ಯಾಲ ಬಾಳ ದಿನ ಇರೂದಿಲ್ಲ. ಕೊತ್ತಂಬರಿ ಹೂವಿನ ಮ್ಯಾಲ ನಾವು ನೋಡಿದ್ದು ಅದರ ಕಡೀ ಕೆಲವು ದಿನ, ಜೋಡಿ ಹುಡಕೂದು, ತತ್ತಿ ಇಡೂದು, ಅಷ್ಟ.

ಒಂದ ಜೀವಮಾನದಾಗ ಎರಡು ಮೂರು ನಮೂನಿ ಮರಿ ರೂಪ ತಾಳೂದನ್ನ ಮೊದಲ ಬರದಿಟ್ಟವ್ರು ಫ್ರಾನ್ಸಿನ ಜಾನ್ ಹೆನ್ರಿ ಫಾಬ್ರ್, 1857ರಾಗ. ಅವರು ಆಗ ಸಾಲಿ ಮಾಸ್ತರು. ಅವರು ನೋಡಿದ್ದು ಬೊಬ್ಬಿ ಏಳಿಸೂ ದುಂಬಿ ಮನೆತನದ್ದು, ಅದರ ಮರಿ ಜೇನಹುಳದ ಮೈ ಹಿಡಕೊಂಡು ಹೋಗೂದು. ಬೆಣಿ ಹುಳದ್ದನ್ನ ಇಂಗ್ಲೆಂಡಿನ ಚಾಪ್ಮನ್ ಅನ್ನೂ ಡಾಕ್ಟರು 1870ರಾಗ ಕಣಜದ ಗೂಡ ಅಗದು ಅಗದು ನೋಡಿ ಬರದ್ರು. ಆ ಕಡೆಯ ಬೆಣಿ ಹುಳ ಹೂವಿನ್ಯಾಗ ತತ್ತಿ ಇಡೂದಿಲ್ಲ, ಮುಕ್ಕಾದ ಕಟ್ಟಿಗಿಯಾಗ ಇಡತೈತಿ, ಯಾಕಂದ್ರ ಅಲ್ಲಿಯ ಕಣಜ ಗೂಡಿಗೆ ಕಟ್ಟಿಗಿ ನಾರ ಕೆರಿಯಾಕ ಅಲ್ಲಿಗೆ ಬರತಾವ. ಕಣಜ ಎಲ್ಲಿ ಬರತೈತೋ ಅಲ್ಲಿ ಇದರ ಬಸ್ ಸ್ಟ್ಯಾಂಡು. ಇದ ಮನೆತನದಾಗ ಜಿರಳಿಯೊಳಗ ಬೆಳೆಯೂ ಜಾತಿನೂ ಅದಾವ, ಅವುಗಳ ಹೆಣ್ಣಿಗೆ ರೆಕ್ಕಿನ ಇಲ್ಲ. ಮ್ಯಾನ್ಮಾರ್ ದೇಶದಾಗ ಸಿಗೂ ಗಟ್ಟಿ ಆದ ಗಿಡದ ಅಂಟಿನ್ಯಾಗ ಈ ಮನೆತನದ ಹುಳ ಸಿಕ್ಕಾವ, ಆ ಅಂಟು ಸುಮಾರು 9.9 ಕೋಟಿ ವರ್ಷದ್ದು. ನಾವು ಕಡ್ಲಿ ಬಿತ್ತಾಕ ಶುರು ಮಾಡಿ ಎಷ್ಟು ಸಾವಿರ ವರ್ಷ ಆಗಿರಬೇಕು, ನೀವ ಲೆಕ್ಕ ಹಾಕ್ರಿ.

ಈ ಮಾತು ನಮ್ಮೂರ ಕಟ್ಟಿ ಮ್ಯಾಲ ಹೇಳಾಕತ್ತಾಗ ಒಬ್ಬ ಅಜ್ಜಾರು ಸುಮ್ಮಕ ಕೇಳಿ ಒಂದ ಮಾತ ಅಂದ್ರು: "ಹಂಗಾರ ಮಠದಾಗ ಹೇಳೂ ಕೀಟ ಭ್ರಮರ ನ್ಯಾಯದ ಕಥಿ ಏನಾತು?" ಕೇಳಬೇಕಾದ ಪ್ರಶ್ನಿನ. ಶ್ರಾವಣದ ಪ್ರವಚನದಾಗ ನಾವೆಲ್ಲಾ ಕೇಳೀವಿ, ಕುಂಡಲಿ ಹುಳ ಒಂದು ಕೀಡಿ ತಂದು ಗೂಡಿನ್ಯಾಗ ಇಟ್ಟು ಸುತ್ತ ಗುಂಯ್ ಅನ್ನತೈತಿ, ಕೀಡಿ ಅದನ್ನ ನೆನಸಿ ನೆನಸಿ ತಾನೂ ಕುಂಡಲಿ ಹುಳ ಆಗತೈತಿ, ಹಂಗ ಶಿಷ್ಯ ಗುರುವನ್ನ ನೆನಸಿ ಗುರು ಆಗತಾನ ಅಂತ. ಹಳೇ ಕಾಲದವರು ನೋಡಿದ್ದು ಸುಳ್ಳಲ್ಲ. ಒಳಗ ಹೋದದ್ದು ಕೀಡಿ, ಹೊರಗ ಬಂದದ್ದು ಕಣಜ. ನಡುವ ಒಳಗ ಏನಾತು ಅನ್ನೂದಷ್ಟ ಅವರಿಗೆ ಕಾಣಲಿಲ್ಲ, ಕೀಡಿ ಕಣಜ ಆಗಲಿಲ್ಲ, ಕಣಜದ ಮರಿಗೆ ಬುತ್ತಿ ಆತು. ನಾ ಅಜ್ಜಾರಿಗೆ ಹೇಳಿದೆ, ಅಜ್ಜಾ, ಗುರು ಶಿಷ್ಯರ ಮಾತು ಅಲ್ಲೇ ಇರಲಿ, ಅದು ಮನಸ್ಸಿನ ಮಾತು. ಆದ್ರ ಗೂಡಿನ್ಯಾಗ ಒಮ್ಮೊಮ್ಮಿ ಮೂರನೇದ್ದು ಬರತೈತಿ, ಹೋದದ್ದು ಕೀಡಿ, ಬರಬೇಕಾದದ್ದು ಕಣಜ, ಬಂದದ್ದು ಬೆಣಿ ಹುಳ. ಅಜ್ಜಾರು ನಕ್ಕು "ಅಂಥಾ ಶಿಷ್ಯಾರೂ ಇರತಾರಪಾ ಮಠದಾಗ" ಅಂದ್ರು.

ಇರಲಿ. ಈಗ ಹೊಲದ ಮಾತಿಗೆ ಬರೂಣು.

ನಮ್ಮ ಬಾಜೂ ಹೊಲದ ಕಾಕಾ ಎರಡೆಕರೆ ಎರಿ ಹೊಲ ಲಾವಣಿ ಹಾಕ್ಕೊಂಡು ಕಡ್ಲಿ ಬಿತ್ತಿದ್ದ. ಸಾಲಿನ ನಡುವ ಅಕ್ಕಡಿ ಕೊತ್ತಂಬರಿ, ಸುತ್ತ ದನಾ ಹೊಗದಂಗ ಕುಸುಬಿ. ನಮ್ಮ ಹಿರ್ಯಾರು ಮಾಡಕೋಂತ ಬಂದ ಪದ್ಧತಿನ. ಫೋಟೋ ನೋಡಿ ಅವನೂ ಪಂಪ್ ತೊಳದು ಇಟ್ಟ. ನಾ ಹೋಗಿ ಇದು ಕಡ್ಲಿ ತಿನ್ನೂ ಹುಳ ಅಲ್ಲ ಅಂತ ಹೇಳಿದೆ. ಆಗ ಅಂವ ಅಂದ ಮಾತು: "ತಮ್ಮಾ, ನಿಂದು ಸ್ವಂತ ಹೊಲಾ. ನಂದು ಲಾವಣಿ. ಹುಳದ ಪುರಾಣ ಕೇಳಕೋಂತ ಕುಂತು ಬೆಳಿ ಹೋದ್ರ ಲಾವಣಿ ರೊಕ್ಕಾ ನೀ ಕಟ್ಟತಿಯೇನು?"

ಈ ಮಾತಿಗೆ ಉತ್ತರ ಕೊಡೂದು ಸುಲಭ ಅಲ್ಲರೀ. ನಾವು ಸಭಾದಾಗ ಕುಂತು ಎಣ್ಣಿ ಕಡಿಮಿ ಮಾಡ್ರಿ ಅಂತ ಭಾಷಣ ಕೇಳತೀವಿ, ಚಪ್ಪಾಳಿ ತಟ್ಟತೀವಿ. ಆದ್ರ ಮಗಳ ಲಗ್ನದ ಸಾಲ ಇರೂ ಮನಿಶಾ ಒಂದ ಪಂಪ್ ಎಣ್ಣಿ ಹೊಡದು ರಾತ್ರಿ ಸುಮ್ಮಕ ಮಲಗೂಣು ಅಂತ ನೋಡತಾನ. ಅವಂಗ ಅದು ಔಷಧ ಅಲ್ಲ, ಧೈರ್ಯ. ಹೊಡಿಬ್ಯಾಡ ಅಂತ ಹೇಳಿ, ನಾಳಿ ಕೀಡಿ ಬಿದ್ದು ಕಾಯಿ ಹೋದ್ರ ಕೆಟ್ಟ ಹೆಸರ ನನಗ, ಉಪವಾಸ ಅವಂಗ. ಅದಕ ನಾ ಪುರಾಣ ಬಿಟ್ಟು, "ಕಾಕಾ, ಹೊಡಿ ಅಂತನೂ ಅನ್ನೂದಿಲ್ಲ, ಬ್ಯಾಡ ಅಂತನೂ ಅನ್ನೂದಿಲ್ಲ, ಇಬ್ಬರೂ ಕೂಡಿ ಎಣಸೂಣು ಬಾ" ಅಂದೆ.

ಎಣಸೂದು ಹೆಂಗಂದ್ರ, ಹೊಲದಾಗ ಅಡ್ಡಾದಿಡ್ಡಿ ತಿರಗಾಡಿ ಒಂದೊಂದ ಕಡೆ ಒಂದ ಮೀಟರ್ ಸಾಲು ನೋಡೂದು. ಕಡ್ಲಿಗೆ ಮೀಟರ್ ಸಾಲಿಗೆ ಒಂದೆರಡು ಕೀಡಿ ಕಂಡ್ರ ಔಷಧದ ಮಾತು, ಅದಕ್ಕಿಂತ ಕಡಿಮಿ ಇದ್ರ ಹೊಡದ ರೊಕ್ಕ ವಾಪಸ್ ಬರೂದಿಲ್ಲ. ಇಪ್ಪತ್ತು ಕಡೆ ನೋಡಿದ್ವಿ. ಮುಂಜಾನೆ ಕಡ್ಲಿ ಹುಳಿಗೆ ಧೋತ್ರದ ಅಂಚೆಲ್ಲಾ ತೊಯ್ದು ಕಾಲು ಚುರುಚುರು. ಇಪ್ಪತ್ತು ಕಡೆ ಕೂಡಿ ಏಳು ಕೀಡಿ ಸಿಕ್ಕವು, ಅದರಾಗ ಎರಡು ಆಗಲೇ ಮೆತ್ತಗಾಗಿ ಸತ್ತಿದ್ದವು. ನಾವು ಎಣಸೂ ಮುಂದ ಒಂದು ಕುಂಬಾರ ಹುಳ ಕಣ್ಣ ಮುಂದನ ಒಂದು ಕೀಡಿ ಎತ್ತಿಕೊಂಡು ಹೋತು. ಕಾಕಾ ಅದನ್ನ ನೋಡಿದ್ದು ನನಗ ಬಾಳ ಅನುಕೂಲ ಆತು, ಖರೇ ಹೇಳತೀನಿ. ನಾ ಹೇಳಿದ ಹತ್ತು ಮಾತಿಗಿಂತ ಅದು ಒಂದು ಹೆಚ್ಚಾತು.

ಪಂಪ್ ಮತ್ತ ಪಡಸಾಲಿಗೆ ಹೋತು. ಆದ್ರ ಇಲ್ಲೇ ಮುಗೀಲಿಲ್ಲ. ಎಂಟು ದಿನ ಬಿಟ್ಟು ಮತ್ತ ಎಣಸಿದ್ರ ಹಳ್ಳದ ಕಡೆ ತಗ್ಗಿನ ಮೂಲ್ಯಾಗ ಮೀಟರಿಗೆ ಎರಡು, ಒಂದೊಂದ ಕಡೆ ಮೂರು. ಅಲ್ಲಿ ಕಡ್ಲಿ ದಟ್ಟ ಬೆಳದಿತ್ತು. ಈಗ ಬ್ಯಾಡ ಅನ್ನಾಕ ಬರೂದಿಲ್ಲ. ಆ ಮೂಲಿಗಷ್ಟ, ಕೀಡಿಗೆ ರೋಗ ಹಚ್ಚೂ ಎನ್‌ಪಿವಿ ನಂಜಾಣು ತಂದು ಬೆಲ್ಲದ ನೀರು ಕೂಡಿಸಿ ಸಂಜಿಮುಂದ ಹೊಡದ್ವಿ. ಅದು ಬಿಸಿಲಿಗೆ ಕೆಡತೈತಿ, ಅದಕ ಸಂಜಿ. ದೊಡ್ಡ ಕೀಡಿಗೆ ಅಷ್ಟು ನಾಟೂದಿಲ್ಲ, ಸಣ್ಣು ಇದ್ದಾಗನ ಹೊಡಿಬೇಕು. ನಾಕೈದು ದಿನಕ್ಕ ಕೀಡಿ ಗಿಡದ ತುದಿಗೆ ಹತ್ತಿ ತಲಿ ಕೆಳಗ ಮಾಡಿ ಜೋತಾಡಿ ಸತ್ತವು. ಕೊತ್ತಂಬರಿ ಸಾಲಿಗೆ ಏನೂ ತೊಂದರಿ ಆಗಲಿಲ್ಲ, ಯಾಕಂದ್ರ ಈ ನಂಜಾಣು ಜೇನಿಗೆ, ಕಣಜಕ್ಕ ಏನೂ ಮಾಡೂದಿಲ್ಲ.

ಕೊತ್ತಂಬರಿ ಸಾಲಿನ ಬಗ್ಗೆ ಯಾಕ ಇಷ್ಟು ಹೇಳತೀನಂದ್ರ, ಕಡ್ಲಿ ತನ್ನ ಹೂವಿಗೆ ತಾನ ಕಾಯಿ ಕಟ್ಟತೈತಿ, ಅದಕ್ಕ ಜೇನು ಬಂದ್ರ ಅಷ್ಟ, ಬರದಿದ್ರ ಅಷ್ಟ. ಕೊತ್ತಂಬರಿಗೆ ಹಂಗಲ್ಲ, ಕಾಳ ಚೊಲೋ ಹಿಡಿಬೇಕಂದ್ರ ಜೇನು ಬರಬೇಕು. ಹೂ ತುಂಬಿದಾಗ ಮುಂಜಾನೆ ಎಣ್ಣಿ ಹೊಡದ್ರ ಬೆಣಿ ಹುಳ ಸಾಯತೈತೋ ಇಲ್ಲೋ, ಜೇನಂತೂ ಸಾಯತಾವ. ಕೀಡಿಯ ಮೈಯಾಗ ತತ್ತಿ ಇಡೂ ಸಣ್ಣ ಕಣಜಗಳೂ ಆ ಹೂವಿನ ಜೇನ ಕುಡಿಯಾಕನ ಬರತಾವ, ಕಡ್ಲಿಯಾಗ ಕೊತ್ತಂಬರಿ ಹಾಕ್ರಿ ಅಂತ ಕೃಷಿ ವಿಜ್ಞಾನಿಗಳು ಹೇಳೂದು ಅದಕ್ಕನ. ಅಂದ್ರ ಹೊಸಾ ದುಂಬಿ ಅಂತ ಹೊಡದಿದ್ರ ಎಣ್ಣಿ ರೊಕ್ಕ ಒಂದ ಕಡೆ, ಕೊತ್ತಂಬರಿ ಕಾಳು ಒಂದ ಕಡೆ, ಆಮ್ಯಾಲ ಬೀಳೂ ಕೀಡಿ ಇನ್ನೊಂದ ಕಡೆ.

ಕಾಕಾ ಮನಿಶಾ ಶಾಣ್ಯಾ. ಎಲ್ಲಾ ಕೇಳಿದ ಮ್ಯಾಲ ಒಂದು ತಿರುಗ ಪ್ರಶ್ನಿ ಹಾಕಿದ: "ಕುಂಬಾರ ಹುಳ ನಮ್ಮ ಕೀಡಿ ಒಯ್ಯತೈತಿ, ಅಂದ್ರ ನಮ್ಮ ಆಳು. ನಿನ್ನ ಬೆಣಿ ಹುಳ ಕುಂಬಾರನ ಮಗನ್ನ ತಿಂತೈತಿ, ಅಂದ್ರ ನಮ್ಮ ಆಳಿನ ವೈರಿ. ಅದನ್ನ ಕೊಂದ್ರೇನ ತಪ್ಪು?"

ಲೆಕ್ಕ ಸರಿ ಐತಿ. ನಮ್ಮ ತಮ್ಮನ ಮಗನೂ ಅದಕ್ಕ ಇಲ್ಲ ಅನ್ನಲಿಲ್ಲ. ನಾ ಕೊಟಗಿಯಾಗಿನ ಹಳೇ ಗೂಡ ಕೆಲವು ತಗದು ನೋಡಿದೆ. ಹದಿನಾಲ್ಕು ಗಡಿಗಿಯೊಳಗ ಒಂಬತ್ತರಿಂದ ಕಣಜ ಹೊರಗ ಹೋಗಿತ್ತು, ಮೂರರಾಗ ಮರಿ ತಾನ ಸತ್ತು ಬೂಸಲ ಹತ್ತಿತ್ತು, ಒಂದರಾಗ ಇರಿವಿ ಹೊಕ್ಕಿದ್ದವು. ಒಂದ ಒಂದರಾಗ ಬೆಣಿ ಹುಳ ಒಣಗಿ ಕುಂತಿತ್ತು, ಹೊರಗ ಬರಾಕ ಆಗದ ಸತ್ತದ್ದು. ಇದು ನನ್ನ ಕೊಟಗಿ ಲೆಕ್ಕ ಅಷ್ಟ, ಎಲ್ಲಾ ಕಡೆ ಹಿಂಗ ಅಂತ ನಾ ಹೇಳೂದಿಲ್ಲ. ಆದ್ರ ಹದಿನಾಲ್ಕರಾಗ ಒಂದು ಕಳಕೊಂಡ ಕುಂಬಾರನಿಗೆ ಏನೂ ಆಗೂದಿಲ್ಲ. ಆ ಒಂದನ್ನ ಉಳಸಾಕ ಅಂತ ಹೂವಿನ ಮ್ಯಾಲ ಎಣ್ಣಿ ಹೊಡದ್ರ ಉಳದ ಹದಿಮೂರರ ತಾಯಂದಿರೂ ಹೋಗತಾರ. ಇಲಿ ಹೊಡಿಯಾಕ ಕಣಜಕ್ಕ ಬೆಂಕಿ ಹಚ್ಚಿದಂಗ. ಇಲ್ಲಿ ಕಣಜ ಅಂದ್ರ ಹಗೇವಿನಂಥಾ ಕಾಳಿನ ಕಣಜ, ಹುಳ ಅಲ್ಲ ಮತ್ತ!

ಇನ್ನೊಂದ ಮಾತು. ಮಿತ್ರ ವೈರಿ ಅಂತ ಎರಡ ಖಾನಿ ಮಾಡಿ ಹುಳ ಹಾಕೂದು ನನಗ ಅಷ್ಟು ಸೇರೂದಿಲ್ಲ. ಹೆಸರಿನ ಹೂವು, ಬೆಂಡಿ ಹೂವು ತಿನ್ನೂ ಕೆಂಪು ಕಪ್ಪು ಪಟ್ಟಿ ದುಂಬಿ ನೋಡ್ರಿ, ಮುಂಗಾರಿಯಾಗ ಬಾಳ ಬರತಾವ, ಕೈಗೆ ಒರಸಿದ್ರ ಬೊಬ್ಬಿ ಏಳತಾವ. ಅದು ಬೆಣಿ ಹುಳದ ದೂರದ ಸಂಬಂಧಿ, ಅದರದ್ದೂ ಮರಿ ರೂಪ ಬದಲ ಮಾಡೂ ಆಟಾನ. ದೊಡ್ಡದಾದಾಗ ನಮ್ಮ ಹೂ ತಿಂದು ಹಾಳ ಮಾಡತೈತಿ, ಆದ್ರ ಮರಿ ಇದ್ದಾಗ ನೆಲದಾಗಿನ ಮಿಡಚಿ ತತ್ತಿ ಹುಡಕಿ ತಿಂತೈತಿ. ಜ್ವಾಳಕ್ಕ ಮಿಡಚಿ ಬಿದ್ದ ವರ್ಷ ನೋಡಿದವ್ರಿಗೆ ಅದರ ಬೆಲಿ ಗೊತ್ತು. ಅದು ಯಾವ ಖಾನಿಗೆ? ಹೆಸರು ಬಿತ್ತಿದವ್ರು ಒಂದ ಹೇಳತಾರ, ಜ್ವಾಳ ಬಿತ್ತಿದವ್ರು ಇನ್ನೊಂದ ಹೇಳತಾರ. ನಾ ಆ ದುಂಬಿ ಬಾಳ ಬಿದ್ದಾಗ ಮುಂಜಾನೆ ಥಂಡಿಯೊಳಗ ಕೈಗೆ ಪ್ಲಾಸ್ಟಿಕ್ ಚೀಲ ಹಾಕ್ಕೊಂಡು ಆರಿಸಿ ಸೋಪಿನ ನೀರಿಗೆ ಹಾಕತೀನಿ. ಕಡಿಮಿ ಇದ್ರ ಬಿಡತೀನಿ.

ಕಬ್ಬಿನವ್ರಿಗೂ ಒಂದ ಮಾತು ಐತಿ. ಗೊಣ್ಣಿ ಹುಳದ ಕಾಟ ಬೈಲಹೊಂಗಲ, ಕಿತ್ತೂರ ಕಡೆ ಕಬ್ಬಿಗೆ, ಶೇಂಗಾಕ್ಕ ಎಷ್ಟು ಅಂತ ನಿಮಗ ನಾ ಹೇಳಬೇಕಾಗಿಲ್ಲ. ಮೈ ತುಂಬ ಕೂದಲ ಇರೂ ದಪ್ಪ ಕಣಜ ನೆಲದ ಮ್ಯಾಲ ತೆಳಗ ಹಾರಾಡತಿರತೈತಲ್ಲ, ಅದು ಮಣ್ಣ ಕೆದರಿ ಒಳಗ ಹೋಗಿ ಗೊಣ್ಣಿ ಹುಳಕ್ಕ ಮುಳ್ಳ ಚುಚ್ಚಿ ಅದರ ಮ್ಯಾಲ ತತ್ತಿ ಇಡತೈತಿ. ಅದರ ಮರಿ ಗೊಣ್ಣಿನ್ನ ತಿಂತೈತಿ. ಬೆಣಿ ಹುಳದ ಕೆಲವು ಜಾತಿ ಈ ಕಣಜದ ಮರಿನ್ನೂ ಬಿಡೂದಿಲ್ಲ. ಅಂದ್ರ ಎಲ್ಲಿ ಬೆಣಿ ಹುಳ ಕಂಡಿತೋ ಅಲ್ಲಿ ಕಣಜ ಅದಾವ ಅಂತ ಅರ್ಥ. ಕಣಜ ಇಲ್ಲದ ಹೊಲದಾಗ ಇದು ಬದುಕಾಕ ಸಾಧ್ಯನ ಇಲ್ಲ. ಕಾಕಾಗ ನಾ ಕಡೀಕ ಹೇಳಿದ್ದು ಇದನ್ನ, ಸಾಲಗಾರ ಬಾಗಲಕ್ಕ ಬಂದಾನ ಅಂದ್ರ ಮನಿಯಾಗ ಏನೋ ಐತಿ ಅಂತನ ಬಂದಾನ. ಅಂವ "ನಮ್ಮ ಮನಿಗೆ ಏನೂ ಇಲ್ಲದಿದ್ರೂ ಬರತಾರಪಾ" ಅಂದ.

ಕಾಕಾನ ಕಡ್ಲಿ ಚೊಲೋ ಆತು. ಲಾವಣಿ ಹೋಗಿ ಕೈಯಾಗ ಒಂದಿಷ್ಟು ಉಳೀತು. ಅದು ನಾವು ಎಣ್ಣಿ ಬಿಟ್ಟಿದ್ದಕ್ಕೋ, ಹಿಂಗಾರಿ ಮಳಿ ಹೊತ್ತಿಗೆ ಸರಿ ಬಂದದ್ದಕ್ಕೋ, ಮಂಜು ಬೀಳದ್ದಕ್ಕೋ, ಒಂದಕ್ಕ ಹೆಸರ ಹಚ್ಚಾಕ ನಾ ತಯಾರಿಲ್ಲ. ಒಂದ ಪಂಪಿನ ಖರ್ಚು ಉಳದದ್ದು ಮಾತ್ರ ಲೆಕ್ಕಕ್ಕ ಸಿಗೂ ಮಾತು.

ಈ ವರ್ಷ ನಾ ಕೊಟಗಿ ಮಾಡಿನ ತೆಳಗ ಬಿದರಿನ ತುಂಡು ಕಟ್ಟೀನಿ. ಗೇಣುದ್ದ ಕೊಯ್ದು, ಒಂದ ಕಡೆ ಗೆಣ್ಣ ಬಿಟ್ಟು, ಹತ್ತು ಹದಿನೈದು ಕೂಡಿಸಿ ಸುತ್ತ ತಂತಿ ಕಟ್ಟಿ, ಬಾಯಿ ಮೂಡಲಕ್ಕ ಮಾಡಿ ಜೋತು ಬಿಟ್ಟೀನಿ. ತೂತು ಸಣ್ಣ ಬೆರಳಿನಷ್ಟು ಇರಬೇಕು, ಮಳಿ ಹನಿ ಒಳಗ ಹೊಗಬಾರದು. ನಾಕು ತುಂಡಿನ ಬಾಯಿಗೆ ಆಗಲೇ ಮಣ್ಣ ಬಿದ್ದೈತಿ. ಕಿತ್ತೂರ ಕಡೆ ಮಳಿ ಹೆಚ್ಚು, ಅಲ್ಲಿಯವರು ಸ್ವಲ್ಪ ಒಳಗ ಕಟ್ಟಬೇಕು. ರಾಮದುರ್ಗ ಕಡೆ ಬ್ಯಾಸಗಿಯೊಳಗ ಒದ್ದಿ ಮಣ್ಣ ಸಿಗೂದಿಲ್ಲ, ದನದ ನೀರಿನ ಬಾನಿ ಬಾಜೂಕ ಒಂದಿಷ್ಟು ಕೆಸರ ಆಗೂಹಂಗ ನೀರ ಬಿಟ್ರ ಕುಂಬಾರ ಅಲ್ಲಿಂದನ ಮಣ್ಣ ಒಯ್ಯತೈತಿ. ಕಬ್ಬಿನ ರವದಿ ಸುಡೂವ್ರು ಬದುವಿನ ಗಿಡಗಂಟಿ ಬಿಟ್ಟು ಸುಡ್ರಿ, ಗೂಡ ಅಲ್ಲೂ ಇರತಾವ. ರವದಿ ಸುಡದಿದ್ರ ಇನ್ನೂ ಚೊಲೋ, ಆದ್ರ ಅದು ಬ್ಯಾರೆ ಜಗಳ, ಇನ್ನೊಮ್ಮಿ ಮಾಡೂಣು.

ನಿಮ್ಮ ಹೊಲದಾಗ ಕೊತ್ತಂಬರಿ, ಅಜವಾನ, ಹಿತ್ತಲದಾಗಿನ ತುಳಸಿ ಹೂ ಬಿಟ್ಟಾಗ ಮುಂಜಾನೆ ಬಿಸಿಲೇರಿದ ಮ್ಯಾಲ ಒಂದಿಷ್ಟು ನಿಂತು ನೋಡ್ರಿ. ಬೆಣಿ ಹುಳ ಕಂಡ್ರ ಯಾವ ಊರು, ಯಾವ ಹೂವು, ಯಾವ ದಿನ ಅಂತ ಬರದು ಫೋಟೋ ಕಳಸ್ರಿ, ನಾ ಹುಡುಗನ ಕೈಯಾಗ ಮುಟ್ಟಸತೀನಿ. ಫೋಟೋ ತಗಿಯೂ ಮುಂದ ಬಾಜೂದಿಂದ ತಗೀರಿ, ಮ್ಯಾಲಿಂದ ತಗದ್ರ ಗೂನ ಕಾಣೂದಿಲ್ಲ. ಹತ್ತರ ಒಂದ ಕಡ್ಡಿಪೆಟಗಿ ಕಡ್ಡಿ ಹಿಡೀರಿ, ಅಳತಿ ಗೊತ್ತಾಗತೈತಿ.